ಇಎಸ್‌ಸಿ ಲೈಟ್ ಹತ್ತಿದರೆ ಸೆನ್ಸರ್ ಕೊಳ್ಳಲು ಓಡಬೇಡಿ

ಜಾರುತ್ತಿರುವ ಕಾರು, ಅದರ ಹಿಂದೆ ಎರಡು ಸೊಟ್ಟ ಗೆರೆ. ಇದು ಇಎಸ್‌ಸಿ ಲೈಟ್, ಅಂದರೆ ಕಾರು ಜಾರದಂತೆ ಹಿಡಿಯುವ ವ್ಯವಸ್ಥೆಯದು. ಡ್ಯಾಶ್‌ಬೋರ್ಡಿನಲ್ಲಿ ಈ ಹಳದಿ ಲೈಟ್ ಹತ್ತಿತೆಂದರೆ ಕೆಲವರು ಕಂಡೂ ಕಾಣದ ಹಾಗೆ ತಿಂಗಳುಗಟ್ಟಲೆ ಓಡಿಸುತ್ತಾರೆ. ಉಳಿದವರು ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ನೋಡಿ ಸೀದಾ ಚಕ್ರದ ವೇಗ ಅಳೆಯುವ ಹೊಸ ಸೆನ್ಸರ್ ತಂದು ಹಾಕಿಸುತ್ತಾರೆ. ಆಮೇಲೂ ಲೈಟ್ ಆರುವುದಿಲ್ಲ. ಆಗ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮಾಡ್ಯೂಲನ್ನೇ ಬದಲಿಸುವ ಮಾತು ಶುರುವಾಗುತ್ತದೆ. ಅಲ್ಲಿಯವರೆಗೆ ಹೋಗಬೇಕಾದ ಕಾರುಗಳು ಕಡಿಮೆ.

ಮೊದಲ ಹೆಜ್ಜೆ: ಲೈಟ್ ಹೇಗೆ ಉರಿಯುತ್ತಿದೆ ನೋಡಿ. ಜಾರುವ ರಸ್ತೆಯಲ್ಲಿ ಮಿನುಗಿ ಆರಿದರೆ ಅದು ದೋಷ ಅಲ್ಲ, ಇಎಸ್‌ಸಿ ತನ್ನ ಕೆಲಸ ಮಾಡುತ್ತಿದೆ. ‘ಆಫ್’ ಅಂತ ಬಂದಿದ್ದರೆ ಯಾರೋ ಬಟನ್ ಒತ್ತಿದ್ದಾರೆ, ಇನ್ನೊಮ್ಮೆ ಒತ್ತಿ. ಆರದೆ ಉರಿಯುತ್ತಲೇ ಇದ್ದರೆ ಮಾತ್ರ ಮುಂದಿನದು. ಜೊತೆಗೆ ಎಂಜಿನ್ ಲೈಟ್ ಕೂಡ ಇದ್ದರೆ ಎಂಜಿನ್ನನ್ನೇ ಮೊದಲು ಸರಿಮಾಡಿಸಿ. ಕಾರು ಜಾರಿದಾಗ ಎಂಜಿನ್ ಶಕ್ತಿ ತಗ್ಗಿಸುವುದೂ ಇಎಸ್‌ಸಿ ಕೆಲಸವೇ. ಹಾಗಾಗಿ ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಎಷ್ಟೋ ಕಾರುಗಳಲ್ಲಿ ಇಎಸ್‌ಸಿ ತಾನೇ ಕೆಲಸ ನಿಲ್ಲಿಸುತ್ತದೆ. ಎಬಿಎಸ್ ಲೈಟಿನ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದ್ದರೆ ಓಡಿಸಬೇಡಿ. ಕಾರು ನಿಲ್ಲಿಸಿ, ಬ್ರೇಕ್ ಆಯಿಲ್ ನೋಡಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.

ಎರಡನೆಯದು, ಖರ್ಚಿಲ್ಲದ ತಪಾಸಣೆ. ನಾಲ್ಕೂ ಟೈರ್ ಒಂದೇ ಅಳತೆಯವಾ, ಗಾಳಿ ಸರಿಯಿದೆಯಾ, ಚಿಕ್ಕ ಸ್ಟೆಪ್ನಿ ಹಾಕಿಕೊಂಡು ಓಡಾಡುತ್ತಿದ್ದೀರಾ? ಬ್ರೇಕ್ ಪೆಡಲ್ ಒತ್ತಿದಾಗ ಕಾರಿನ ಹಿಂದಿನ ಬ್ರೇಕ್ ಲೈಟ್ ಹತ್ತಿ, ಬಿಟ್ಟಾಗ ಆರುತ್ತದಾ? ಬ್ಯಾಟರಿ ಸೋತಿದ್ದರೂ ಈ ಲೈಟ್ ಬರುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಬಂದಿದ್ದರೆ ಎಂಜಿನ್ ಚಾಲೂ ಇಟ್ಟು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರವಾಗಿ ಓಡಿಸಿ. ಎಷ್ಟೋ ಕಾರುಗಳಲ್ಲಿ ಅಷ್ಟೇ ಸಾಕು.

ಮೂರನೆಯದು ಸ್ಕ್ಯಾನರ್. ಅಗ್ಗದ ಬ್ಲೂಟೂತ್ ಡಬ್ಬಿಗಳಲ್ಲಿ ಹೆಚ್ಚಿನವು ‘ಪಿ’ ಅಕ್ಷರದ ಎಂಜಿನ್ ಕೋಡ್ ಬಿಟ್ಟು ಬೇರೇನೂ ಓದುವುದಿಲ್ಲ. ನಮಗೆ ಬೇಕಾದದ್ದು ‘ಸಿ’ ಕೋಡ್, ಅಂದರೆ ಬ್ರೇಕ್, ಸ್ಟಿಯರಿಂಗ್ ಕಡೆಯದು. ಎಬಿಎಸ್ ಓದುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಕೊಳ್ಳಿ. ಅಳಿಸುವ ಮೊದಲು ಕೋಡಿನ ಫೋಟೊ ತೆಗೆದಿಡಿ.

ಕೆಲಸ ಕೆಡುವುದು ನಾಲ್ಕನೇ ಹೆಜ್ಜೆಯಲ್ಲಿ, ಕೋಡಿನ ಅರ್ಥ ಮಾಡಿಕೊಳ್ಳುವಾಗ. ಸಿ0035 ಅಂದರೆ ಎಡ ಮುಂಚಕ್ರದ ವೇಗದ ಸೆನ್ಸರ್. ಹಾಗಂತ ಸೆನ್ಸರ್ ಸತ್ತಿದೆ ಎಂದಲ್ಲ. ಆ ಮೂಲೆಯಿಂದ ಸರಿಯಾದ ಸಿಗ್ನಲ್ ಬರುತ್ತಿಲ್ಲ, ಅಷ್ಟೇ. ವೈರ್ ತುಂಡಾಗಿದ್ದರೂ, ಕನೆಕ್ಟರಿಗೆ ನೀರು ಹೋಗಿದ್ದರೂ, ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗ್ (ಸೆನ್ಸರ್ ವೇಗ ಓದುವುದು ಇದರಿಂದಲೇ) ಬಿರುಕು ಬಿಟ್ಟಿದ್ದರೂ ಕೋಡ್ ಅದೇ.

ಆದ್ದರಿಂದ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರದ ವೇಗವನ್ನು ಒಟ್ಟಿಗೆ ತೆರೆಯಿರಿ. ಖಾಲಿ ಮೈದಾನದಲ್ಲಿ ಇನ್ನೊಬ್ಬರು ನಿಧಾನಕ್ಕೆ, ನೇರವಾಗಿ ಓಡಿಸಲಿ. ನೀವು ಪಕ್ಕದಲ್ಲಿ ಕೂತು ಅಂಕಿಗಳನ್ನು ಮಾತ್ರ ನೋಡಿ. ನಾಲ್ಕೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು. ಒಂದು ಸೊನ್ನೆಯಲ್ಲೇ ಕೂತಿದ್ದರೆ ವೈರ್ ಅಥವಾ ಸೆನ್ಸರ್. ಒಂದು ತಡವಾಗಿ ಎದ್ದು, ಕಾರು ಪೂರ್ತಿ ನಿಲ್ಲುವ ಮೊದಲೇ ಸೊನ್ನೆಗೆ ಬಿದ್ದರೆ ಸೆನ್ಸರ್ ಮತ್ತು ರಿಂಗಿನ ನಡುವಿನ ಸಂದು ಜಾಸ್ತಿಯಾಗಿದೆ. ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಎಡವಿದರೆ ರಿಂಗ್. ಹಳ್ಳ ಹತ್ತಿಳಿದಾಗ ಅಥವಾ ಸ್ಟಿಯರಿಂಗ್ ತಿರುಗಿಸಿದಾಗ ಅಂಕಿ ಕುಣಿದರೆ ವೈರನ್ನೇ ಹಿಡಿಯಿರಿ. ತಿರುವಿನಲ್ಲಿ ಹೊರಗಿನ ಚಕ್ರ ವೇಗವಾಗಿ ತಿರುಗುವುದು ಸಹಜ, ಅದಕ್ಕೆ ಗಾಬರಿಯಾಗಬೇಡಿ.

ಈಗ ಆ ಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ. ಸೆನ್ಸರಿನಿಂದ ಹೊರಟ ವೈರನ್ನು ಬಾಡಿಯ ರಬ್ಬರ್ ಬುಷ್‌ವರೆಗೂ ಬೆರಳಿನಲ್ಲಿ ಸವರಿಕೊಂಡು ಹೋಗಿ. ಹೊರಗಿನ ರಬ್ಬರ್ ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರ ಮುರಿದಿರುತ್ತದೆ. ಕ್ಲಿಪ್ ಹಿಡಿದಿರುವ ಜಾಗದ ಪಕ್ಕದಲ್ಲೇ ಮುರಿಯುವುದು ಜಾಸ್ತಿ. ಅಲ್ಲಿ ಬಗ್ಗಿಸಿದಾಗ ವೈರ್ ಲೊಳಲೊಳ ಅಂದರೆ ಕಳ್ಳ ಸಿಕ್ಕಿದ. ಇಗ್ನಿಷನ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿ. ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಡಿ.

ಸೆನ್ಸರಿಗೆ ಇರುವುದು ಸಾಮಾನ್ಯವಾಗಿ ಒಂದೇ ಬೋಲ್ಟ್. ಆದರೆ ತುಕ್ಕು ಹಿಡಿದು ತೂತಿನಲ್ಲೇ ಕಚ್ಚಿಕೊಂಡಿರುತ್ತದೆ. ಪ್ಲೈಯರ್ ಹಾಕಿ ಎಳೆದರೆ ತಲೆ ಕೈಗೆ ಬರುತ್ತದೆ, ತುದಿ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಅರ್ಧ ಗಂಟೆ ಬಿಡಿ, ಆಮೇಲೆ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಹೊರಬಂದ ತುದಿಗೆ ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿ. ಸೆನ್ಸರ್ ಕೂರುವ ಜಾಗದ ತುಕ್ಕನ್ನು ಮರಳುಕಾಗದದಿಂದ ಕೆರೆದು ತೆಗೆಯಿರಿ. ಆ ತುಕ್ಕಿನ ಪದರವೇ ಸೆನ್ಸರನ್ನು ಮೇಲಕ್ಕೆತ್ತಿ ಸಂದು ಜಾಸ್ತಿ ಮಾಡುವುದು. ಕೆರೆದ ಪುಡಿ ತೂತಿನೊಳಗೆ ಬೀಳದಂತೆ ನೋಡಿಕೊಳ್ಳಿ. ಆಯಸ್ಕಾಂತದ ಉಪಕರಣ ಒಳಗೆ ತೂರಿಸಲೇಬೇಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಹಲ್ಲಿನ ರಿಂಗ್ ಬದಲು ಬೇರಿಂಗಿನ ಸೀಲ್‌ನಲ್ಲೇ ಆಯಸ್ಕಾಂತದ ಪಟ್ಟಿ ಇರುತ್ತದೆ, ಅದು ಕೆಟ್ಟರೆ ಬೇರಿಂಗೇ ಹೊಸದಾಗಬೇಕು.

ಬೇರಿಂಗ್ ಬದಲಿಸಿದ ಮಾರನೇ ದಿನವೇ ಲೈಟ್ ಬಂತಾ? ಹಿಂದುಮುಂದಾಗಿ ಕೂರಿಸಿದ್ದಾರಾ ಅಂತ ಕೇಳಿ. ಆಯಸ್ಕಾಂತದ ಮುಖ ಸೆನ್ಸರ್ ಕಡೆಗೇ ಇರಬೇಕು. ಎರಡೂ ಬದಿ ಒಂದೇ ಥರ ಕಾಣುವುದರಿಂದ ಅವಸರದ ಕೈಗೆ ಇದು ಗೊತ್ತಾಗುವುದಿಲ್ಲ.

ಮಲ್ಟಿಮೀಟರ್ ಬಗ್ಗೆ ಒಂದು ಮಾತು. ಹಳೆಯ ಕಾಯಿಲ್ ಸೆನ್ಸರಿನ ಓಮ್ (ವಿದ್ಯುತ್ ತಡೆ) ಅಳೆದು ಇನ್ನೊಂದು ಬದಿಯದರ ಜೊತೆ ಹೋಲಿಸಬಹುದು. ಹೊಸ ಎಲೆಕ್ಟ್ರಾನಿಕ್ ಸೆನ್ಸರಿನಲ್ಲಿ ಆ ಅಳತೆಗೆ ಅರ್ಥವೇ ಇಲ್ಲ. ಸುಮ್ನೆ ಚೆನ್ನಾಗಿರುವುದನ್ನು ಎಸೆಯುತ್ತೀರಿ. ಎಡ-ಬಲದ ಸೆನ್ಸರ್ ಒಂದೇ ಥರದವಾದರೆ ಅದಲು ಬದಲು ಮಾಡಿ ನೋಡಿ. ದೋಷವೂ ಅದರ ಜೊತೆಗೇ ಹೋದರೆ ಮಾತ್ರ ಹೊಸದು ತನ್ನಿ. ಹೆಸರಿಲ್ಲದ ಡಬ್ಬದ ಸೆನ್ಸರ್ ಬೇಡವೇ ಬೇಡ.

ಕೋಡ್ ಸ್ಟಿಯರಿಂಗ್ ಆ್ಯಂಗಲ್ (ಸ್ಟಿಯರಿಂಗ್ ಎಷ್ಟು ತಿರುಗಿದೆ ಅನ್ನುವ ಅಳತೆ) ಅಂತ ಬಂದರೆ, ಅದೂ ವೀಲ್ ಅಲೈನ್‌ಮೆಂಟ್ ಆದ ಮೇಲೆ, ಸ್ಕ್ಯಾನರಿನಿಂದ ಸೊನ್ನೆ ಹೊಂದಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಫ್ಯೂಸ್ ಕಿತ್ತರೆ ಕಾಟ ತಪ್ಪುತ್ತದೆ ಅನ್ನುವವರ ಮಾತು ಕೇಳಬೇಡಿ, ಎಬಿಎಸ್ ಕೂಡ ಹೋಗುತ್ತದೆ.

ಕೊನೆಗೆ ಕೋಡ್ ಅಳಿಸಿ ಓಡಿಸಿ. ಕೆಲವು ಕಾರುಗಳಲ್ಲಿ ಚಕ್ರ ಸ್ವಲ್ಪ ತಿರುಗಿದ ಮೇಲಷ್ಟೇ ಲೈಟ್ ಆರುತ್ತದೆ. ಮತ್ತೆ ಬಂದರೆ ಯಾವಾಗ ಬಂತು ಅಂತ ಗಮನಿಸಿ. ಕೀ ತಿರುಗಿಸಿದ ಕೂಡಲೇ ಬಂದರೆ ವೈರ್, ಕನೆಕ್ಟರ್ ಅಥವಾ ಸೆನ್ಸರನ್ನು ಇನ್ನೊಮ್ಮೆ ನೋಡಿ. ಕಾರು ಉರುಳಿದ ಮೇಲೆ ಬಂದರೆ ಸಂದು, ರಿಂಗ್, ಬೇರಿಂಗ್ ಕಡೆ ಹೋಗಿ.