ಬಿದ್ದ ಗಾಡಿಗೆ ರಿಪೇರಿ ಆಯ್ತು, ಆದರೆ ಸ್ಟಾರ್ಟ್ ಆಗ್ತಿಲ್ಲ

ತೀರ್ಥಹಳ್ಳಿಯಲ್ಲಿ ಗ್ಯಾರೇಜ್ ಇಟ್ಟವನಿಗೆ ಮಳೆಗಾಲದಲ್ಲಿ ಬಿದ್ದ ಬೈಕುಗಳಿಗೆ ಬರವಿಲ್ಲ. ಒಂದು ಕಡೆ ಆಗುಂಬೆ ಘಾಟಿ, ಇನ್ನೊಂದು ಕಡೆ ಮಂಡಗದ್ದೆ ರಸ್ತೆ. ಪಾಚಿ, ಕೆಸರು, ಕೊಳೆತ ಎಲೆ. ರಿಪೇರಿ ಮಾಡಿಸಿಕೊಂಡ ಮೇಲೂ ಸ್ಟಾರ್ಟ್ ಆಗ್ತಿಲ್ಲ ಅಂತ ತಳ್ಳಿಕೊಂಡು ಬರುವವರೆಲ್ಲ ಇಂಜಿನ್ ಮೇಲೆ ಅನುಮಾನ ಪಡುತ್ತಾರೆ. ನನ್ನ ಅನುಮಾನ ಸ್ಪ್ಯಾನರ್ ಹಿಡಿದ ಕೈ ಮೇಲೆ. ಎಲ್ಲಿ ಬಿಚ್ಚಿ ಜೋಡಿಸಿದ್ದಾರೋ ಮೊದಲು ಅಲ್ಲಿ ನೋಡಬೇಕು.

ಹೋದ ಆಷಾಢದಲ್ಲಿ ಒಬ್ಬ ಹುಡುಗ ಪಿಕಪ್‌ನಲ್ಲಿ ಗಾಡಿ ಹಾಕಿಕೊಂಡು ಬಂದ. ಬಿಎಸ್6 ಗಾಡಿ, ಅಂದರೆ ಹೊಸ ಹೊಗೆ ನಿಯಮದ್ದು. ಕಾರ್ಬೊರೇಟರ್ ಇಲ್ಲ, ಪೆಟ್ರೋಲನ್ನು ಪಂಪಿನಿಂದ ಒತ್ತಿ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್. ಘಾಟಿಯ ತಿರುವಿನಲ್ಲಿ ಎಡಕ್ಕೆ ಜಾರಿ ಬಿದ್ದಿತ್ತು. ಬೇರೆ ಕಡೆ ರಿಪೇರಿ ಆಗಿತ್ತು.

"ಅಣ್ಣ, ಇಂಜಿನ್ ಬಿಚ್ಚಬೇಕಾಗುತ್ತೆ ಅಂತಿದಾರೆ."

"ಇಂಜಿನ್ ವಿಷಯ ಆಮೇಲೆ ಮಾರಾಯ. ಎಂತೆಂತ ಬದಲಾಯಿಸಿದಾರೆ? ಬಿಲ್ ತೋರಿಸು."

ಬಿದ್ದ ಗಾಡಿಗೆ ರಿಪೇರಿ ಬಿಲ್ಲೇ ಜಾತಕ. ಹ್ಯಾಂಡಲ್, ಕ್ಲಚ್ ಲಿವರ್, ಎಡಗಡೆ ಇಂಡಿಕೇಟರ್, ಸೀಟಿನ ಕೆಳಗಿನ ಪ್ಲಾಸ್ಟಿಕ್ ಟ್ರೇ. ಅಷ್ಟೇ. ನಾನು ಹುಡುಕಬೇಕಾದ ಜಾಗಗಳೂ ಅಷ್ಟೇ.

ಬ್ಯಾಟರಿ ಮೊದಲು ನೋಡಿದೆ, ಅದು ಬಿಡುವ ಹಾಗಿಲ್ಲ. ಮೀಟರ್ 12.5 ವೋಲ್ಟ್ ತೋರಿಸಿತು. ಫ್ಯೂಸ್ ಸರಿ ಇದೆ, ಹ್ಯಾಂಡಲ್ ಮೇಲೆ ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಆನ್ ಇದೆ. ನಗಬೇಡಿ, ಕಿಲ್ ಸ್ವಿಚ್ ಆಫ್ ಇಟ್ಟುಕೊಂಡೇ ತಳ್ಳಿಕೊಂಡು ಬಂದವರಿದ್ದಾರೆ. ಸೆಲ್ಫ್ ಒತ್ತಿದರೆ, ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ರಿಲೇಯ ಟಕ್ ಶಬ್ದವೂ ಇಲ್ಲ. ಬ್ಯಾಟರಿ ಇಳಿದಿದ್ದರೆ ರಿಲೇ ಟಕಟಕ ಅನ್ನುತ್ತದೆ. ಶಬ್ದವೇ ಇಲ್ಲ ಅಂದರೆ ಹೆಚ್ಚಾಗಿ ಸ್ವಿಚ್ಚಿನಿಂದ ರಿಲೇಗೆ ಕರೆಂಟ್ ಹೋಗುತ್ತಿಲ್ಲ ಅಂತ.

ಈ ಗಾಡಿಯಲ್ಲಿ ನ್ಯೂಟ್ರಲ್‌ನಲ್ಲಿದ್ದರೂ ಕ್ಲಚ್ ಹಿಡಿದರೆ ಮಾತ್ರ ಸೆಲ್ಫ್ ತಿರುಗುತ್ತದೆ. ಲಿವರ್ ಬುಡದಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಒರಿಜಿನಲ್ ಲಿವರ್‌ನಲ್ಲಿ ಅದಕ್ಕೆ ತಾಗುವ ಹಾಗೆ ಒಂದು ಉಬ್ಬು ಇರುತ್ತದೆ. ಹೊಸದಾಗಿ ಹಾಕಿದ್ದು ಲೋಕಲ್ ಲಿವರ್. ನೋಡೋಕೆ ಹಾಗೇ ಇದೆ, ಆದರೆ ಉಬ್ಬು ಕೂದಲೆಳೆಯಷ್ಟು ಕಮ್ಮಿ. ಲಿವರ್ ಎಷ್ಟು ಎಳೆದರೂ ಸ್ವಿಚ್ಚಿಗೆ ಗೊತ್ತೇ ಆಗುತ್ತಿರಲಿಲ್ಲ. ಸ್ವಿಚ್ಚಿನ ಎರಡು ವೈರಿಗೆ ಮೀಟರ್ ಹಿಡಿದು ಲಿವರ್ ಎಳೆದೆ. ಸ್ವಿಚ್ ಕೂಡಿದರೆ ಮೀಟರ್ ಬೀಪ್ ಅನ್ನಬೇಕು, ಬೀಪ್ ಇಲ್ಲ. ಸ್ಕ್ರೂಡ್ರೈವರ್ ತುದಿಯಲ್ಲಿ ಸ್ವಿಚ್ ಅದುಮಿದೆ, ಬೀಪ್ ಬಂತು. ಹಾಗೇ ಅದುಮಿಕೊಂಡು ಸೆಲ್ಫ್ ಒತ್ತಿದರೆ ಇಂಜಿನ್ ತಿರುಗಿತು.

ಇಲ್ಲಿ ಸುಮಾರು ಜನ ಆ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಕಳಿಸಿಬಿಡುತ್ತಾರೆ. ನಾನು ಮಾಡಲ್ಲ. ಗೇರಿನಲ್ಲಿ ನಿಂತ ಗಾಡಿಗೆ ಯಾರೋ ಮಗು ಸೆಲ್ಫ್ ಒತ್ತಿದರೆ ಸೀದಾ ಮುಂದಕ್ಕೆ ಹಾರುತ್ತದೆ.

ಇಂಜಿನ್ ತಿರುಗಿತು, ಆದರೆ ಹತ್ತಲಿಲ್ಲ. ಈಗ ಕಿವಿ ಕೊಡಬೇಕಾದ್ದು ಗಾಡಿಯೊಳಗಿನ ಪೆಟ್ರೋಲ್ ಪಂಪಿಗೆ. ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕ್ ಒಳಗಿಂದ ಎರಡು ಮೂರು ಸೆಕೆಂಡ್ ಜುಂಯ್ ಅಂತ ಶಬ್ದ ಬರುತ್ತದೆ. ಇದರಲ್ಲಿ ಇಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ, ಒಣಗಿದೆ. ಅದನ್ನು ಇಂಜಿನ್ ಲೋಹಕ್ಕೆ ತಾಗಿಸಿ ಸೆಲ್ಫ್ ಒತ್ತಿದರೆ ಕಿಡಿಯೂ ಇಲ್ಲ. ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಎರಡೂ ಒಟ್ಟಿಗೆ ಹೋದರೆ ಎರಡು ಪಾರ್ಟ್ ಕೆಟ್ಟಿರೋದು ಕಮ್ಮಿ. ಎರಡನ್ನೂ ನಿಲ್ಲಿಸುವ ಒಂದು ಕಾರಣ ಹುಡುಕಬೇಕು.

ಬಿಲ್ಲಿನಲ್ಲಿ ಉಳಿದಿದ್ದು ಸೀಟಿನ ಕೆಳಗಿನ ಟ್ರೇ. ಸೀಟ್ ತೆಗೆದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ, ಮೂರು ವೈರ್, ರಬ್ಬರ್ ಮೇಲೆ ಕೂತಿದೆ. ಅದು ಟಿಪ್ ಓವರ್ ಸೆನ್ಸರ್. ಗಾಡಿ ಬಿದ್ದರೆ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ ಹೇಳಿ ಪಂಪನ್ನೂ ಕಿಡಿಯನ್ನೂ ನಿಲ್ಲಿಸುವುದು ಅದರ ಕೆಲಸ, ಬೆಂಕಿ ಹತ್ತಬಾರದು ಅಂತ. ಡಬ್ಬಿ ಮೇಲೆ ಒಂದು ಬಾಣದ ಗುರುತು ಇರುತ್ತದೆ, ಅದು ಆಕಾಶ ನೋಡಬೇಕು. ಇಲ್ಲಿ ನೆಲ ನೋಡುತ್ತಿತ್ತು. ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಂತ ಗಾಡಿ ತಾನಿನ್ನೂ ಘಾಟಿಯಲ್ಲೇ ಬಿದ್ದಿದ್ದೇನೆ ಅಂದುಕೊಂಡಿತ್ತು!

ಎರಡು ಸ್ಕ್ರೂ ಬಿಚ್ಚಿ ತಿರುಗಿಸಿ ಕೂರಿಸಿದೆ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಬೇಕು, ಇಲ್ಲದಿದ್ದರೆ ಇಸಿಯು ಹಳೇ ಲೆಕ್ಕ ಬಿಡಲ್ಲ. ಜುಂಯ್ ಅಂತು. ಕ್ಲಚ್ ಸ್ವಿಚ್ ಅದುಮಿ ಸೆಲ್ಫ್ ಒತ್ತಿದೆ, ಹತ್ತಿತು. "ಇಷ್ಟೇನಾ ಅಣ್ಣ?" ಅಂದ ಹುಡುಗ. ಹುಡುಕೋಕೆ ಹಿಡಿದ ಹೊತ್ತು ಅವನ ಲೆಕ್ಕಕ್ಕೆ ಬರಲ್ಲ ಅಲ್ವಾ!

ಬಾಣ ಸರಿಯಿದ್ದೂ ಅನುಮಾನ ಉಳಿದರೆ ವೈರ್ ಜೋಡಿಸುವ ಕಪ್ಲರ್ ಬಿಚ್ಚದೆ ಹಿಂದಿನಿಂದ ಸಿಗ್ನಲ್ ವೈರಿಗೆ ಮೀಟರ್ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ನೆಟ್ಟಗಿದ್ದಾಗ 1 ವೋಲ್ಟ್ ಆಸುಪಾಸು, ಸೆನ್ಸರನ್ನು 65 ಡಿಗ್ರಿ ವಾಲಿಸಿದರೆ 4 ವೋಲ್ಟ್ ಆಸುಪಾಸು ಬರುತ್ತದೆ. ಗಾಡಿಯಿಂದ ಗಾಡಿಗೆ ಲೆಕ್ಕ ಬೇರೆ, ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ. ವಾಲಿಸಿದರೂ ಬದಲಾಗದಿದ್ದರೆ ಸೆನ್ಸರ್ ಹೋಗಿರುವ ಸಾಧ್ಯತೆ ಜಾಸ್ತಿ.

ಎಡಕ್ಕೆ ಬಿದ್ದ ಗಾಡಿಯಲ್ಲಿ ಸೈಡ್ ಸ್ಟ್ಯಾಂಡ್ ಸ್ವಿಚ್ಚನ್ನೂ ನೋಡಿ. ಅದರಲ್ಲಿ ಕೆಸರು ಕೂತರೆ ಗೇರ್ ಹಾಕಿದ ಕೂಡಲೇ ಇಂಜಿನ್ ಆಫ್ ಆಗುತ್ತದೆ. ನಮ್ಮ ಕಡೆ ಕಪ್ಲರ್ ಪಿನ್ನಿಗೆ ಹಸಿರು ಕಿಲುಬು ಬರೋದೂ ಜಾಸ್ತಿ. ಹಳೇ ಕಾರ್ಬೊರೇಟರ್ ಗಾಡಿಯಾದರೆ ಈ ಸೆನ್ಸರ್ ಗೋಜಿಲ್ಲ. ಬಿದ್ದಾಗ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗಿರುತ್ತದೆ. ಪ್ಲಗ್ ಒಣಗಿಸಿ, ಚೋಕ್ ಹಾಕದೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕಿಕ್ ಹೊಡೆಯಿರಿ.

ಒರಿಜಿನಲ್ ಲಿವರ್ ನಮ್ಮಲ್ಲಿ ಸಿಗಲಿಲ್ಲ. ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿ ಸಂಜೆ ಬಸ್ಸಿಗೆ ಹಾಕಿಸಿದೆ. ಕಂಡಕ್ಟರ್ ಕೈಯಿಂದ ಇಸಿದುಕೊಂಡು ಬಂದು ಹುಡುಗನೇ ನಿಂತು ಹಾಕಿಸಿಕೊಂಡ, ಈ ಸಲ ಉಬ್ಬು ಇದೆಯಾ ಅಂತ ತಾನೇ ಮುಟ್ಟಿ ನೋಡಿ.