ಮುಚ್ಚಿದ ಗಾಲ್ಫ್ ಮೈದಾನಕ್ಕೆ ಹೊಸ ಬಳಕೆ: ಮೊದಲು ನೆಲದಡಿಯ ಪೈಪು ಹುಡುಕಿ

ಅಮೆರಿಕದ ಊರುಗಳಲ್ಲಿ ಮುನಿಸಿಪಾಲಿಟಿಯ ಗಾಲ್ಫ್ ಮೈದಾನ ನಷ್ಟಕ್ಕೆ ಬಿದ್ದು ಮುಚ್ಚಿತೆಂದರೆ ಪಾರ್ಕು, ಕೊಳ, ತರಕಾರಿ ತೋಟ ಎಂದು ಬಣ್ಣದ ನಕ್ಷೆ ಬಂದೇಬಿಡುತ್ತದೆ. ಆಮೇಲೆ ನೋಡಿದರೆ ಜೌಗಾಗಬೇಕಿದ್ದ ಜಾಗ ಒಣಗಿರುತ್ತದೆ, ಇಲ್ಲವೇ ನೆರೆಮನೆಯ ನೆಲಮಾಳಿಗೆಗೆ ನೀರು ನುಗ್ಗಿರುತ್ತದೆ. ಅಲ್ಲಿನ ಪಾರ್ಕ್ ಕಮಿಟಿಗಳಲ್ಲಿರುವ ಕನ್ನಡಿಗರು ನಕ್ಷೆಗೆ ಕೈ ಎತ್ತುವ ಮುನ್ನ ಈ ಕೆಲಸಗಳನ್ನು ಮಾಡಿಸಲಿ.

1. ಕಾಗದಪತ್ರ. ಜಮೀನು ಪತ್ರದ ಷರತ್ತು ಓದಿ, ಪೈಪುಗಳ ನಕ್ಷೆ ಪಡೆಯಿರಿ. ಎಷ್ಟೋ ಸಲ ನಕ್ಷೆಗಿಂತ ಮೈದಾನದ ಹಳೇ ಮೇಲ್ವಿಚಾರಕರ ನೆನಪೇ ಹೆಚ್ಚು ಸರಿ.

2. ಮಣ್ಣು ಪರೀಕ್ಷೆ. ಹಿಂದೆ ಗ್ರೀನ್‌ಗಳಿಗೆ (ಚೆಂಡು ಬೀಳಿಸುವ ಕುಳಿಯ ಸುತ್ತಲ ನುಣುಪು ಹುಲ್ಲು) ಪಾದರಸದ ಶಿಲೀಂಧ್ರನಾಶಕ, ಹುಳುಗಳಿಗೆ ಲೆಡ್ ಆರ್ಸೆನೇಟ್ ಹೊಡೆಯುತ್ತಿದ್ದರು. ಅವು ಮೇಲ್ಮಣ್ಣಿನಲ್ಲೇ ಕೂತಿರುತ್ತವೆ. ಗ್ರೀನ್, ಟೀ (ಮೊದಲ ಹೊಡೆತದ ಜಾಗ), ಔಷಧಿ ಬೆರೆಸುತ್ತಿದ್ದ ಶೆಡ್ಡಿನ ಅಂಗಳ, ಇಲ್ಲಿಂದ ಮೇಲಿನ 15 ಸೆಂ.ಮೀ. ಮಣ್ಣನ್ನು ಬೇರೆಬೇರೆಯಾಗಿ ತೆಗೆಯಿರಿ. ಖರ್ಚು ಉಳಿಸಲು ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾಸು) ಮಣ್ಣಿನ ಜೊತೆ ಬೆರೆಸಿ ಒಂದೇ ಮಾದರಿ ಮಾಡುವವರಿದ್ದಾರೆ; ಆಗ ವಿಷ ತೆಳುವಾಗಿ ವರದಿ ಚೆಂದವಾಗಿ ಬರುತ್ತದೆ, ಅಷ್ಟೇ. ಆರ್ಸೆನಿಕ್, ಸೀಸ, ಪಾದರಸ ಎಂದು ಹೆಸರು ಬರೆದು ಕೇಳಬೇಕು. ಸಾರಜನಕ, ರಂಜಕ ನೋಡುವ ಮಾಮೂಲಿ ಕೃಷಿ ಪರೀಕ್ಷೆಯಲ್ಲಿ ಇವು ಸಿಗುವುದಿಲ್ಲ.

3. ಬಸಿ ಪೈಪು. ಕೆಡುವುದು ಇಲ್ಲಿಯೇ. ಆಧುನಿಕ ಗ್ರೀನ್ ಎಂದರೆ ಸುಮಾರು 30 ಸೆಂ.ಮೀ. ಮರಳು, ಅದರಡಿ 10 ಸೆಂ.ಮೀ. ಜಲ್ಲಿ, ಅದರಡಿ ರಂಧ್ರದ ಪೈಪು. ಫೇರ್‌ವೇ ಅಡಿಯಲ್ಲೂ ಪೈಪು ಹಾಸಿರುತ್ತಾರೆ. ಅವು ನೆಲದ ನೀರನ್ನು ಬಸಿದು ತೊರೆಗೆ ಬಿಡುತ್ತಿರುವಷ್ಟು ದಿನ ಜೌಗಿನ ಗಿಡ ನೆಟ್ಟು ಪ್ರಯೋಜನವಿಲ್ಲ.

ಜೋರು ಮಳೆಯ ಮಾರನೇ ದಿನ ತೊರೆಯ ದಡದಲ್ಲಿ ನಡೆಯಿರಿ. ನೀರು ಸುರಿಯುವ ಪ್ರತಿ ಪೈಪಿನ ಬಾಯಿಯ ಪಕ್ಕ ಗುರುತಿನ ಗೂಟ ಹೊಡೆಯಿರಿ. ಅಲ್ಲಿಂದ ಹಿಂದಕ್ಕೆ ಕ್ಯಾಮೆರಾ ತೂರಿಸಿ. ಹೊರಗಿನ ಮನೆಗಳ ಪೈಪು ಬಂದು ಸೇರಿದ್ದರೆ ಅದನ್ನು ಮುಟ್ಟಬೇಡಿ. ಆ ನೀರಿಗೆ ಮೊದಲು ರಂಧ್ರವಿಲ್ಲದ ಬೇರೆ ಪೈಪು ಹಾಕಿಸಿ.

ಬಾಯಿಗೆ ಕಾಂಕ್ರೀಟು ತುರುಕುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಒತ್ತಡ ಏರಿ ನೀರು ಮತ್ತೆಲ್ಲೋ ಬುಗ್ಗೆಯೇಳುತ್ತದೆ. ಮಣ್ಣು ಪೈಪಿನೊಳಕ್ಕೆ ಜಾರಿ ಮೇಲೆ ಗುಂಡಿ ಬೀಳುತ್ತದೆ. ಪೈಪಿನ ಒಂದು ತುಂಡನ್ನೇ ಅಗೆದು ತೆಗೆಯಬೇಕು: ಜೇಡಿಮಣ್ಣಾದರೆ ಸುಮಾರು 15 ಮೀಟರ್, ಮರಳು ಮಣ್ಣಾದರೆ 45 ಮೀಟರ್‌ವರೆಗೆ. ಉಳಿದ ತುದಿಗಳನ್ನು ಮುಚ್ಚಿ, ಸುತ್ತಲ ಜಲ್ಲಿಯನ್ನೂ ತೆಗೆದು, ಜೇಡಿಮಣ್ಣನ್ನು ಪದರಪದರವಾಗಿ ದಮ್ಮಸ್ಸು ಮಾಡಿ. ಜಲ್ಲಿ ಬಿಟ್ಟರೆ ನೀರು ಅದರಲ್ಲೇ ಹರಿಯುತ್ತದೆ. ಮಣ್ಣು ಕುಸಿಯುವುದರಿಂದ ನೆಲಮಟ್ಟಕ್ಕಿಂತ ತುಸು ಎತ್ತರಕ್ಕೆ ತುಂಬಿ. ತೊರೆಯ ಬಳಿ ಅಗೆಯುವ ಮುನ್ನ ಪರವಾನಗಿ ವಿಚಾರಿಸಿ. ಹಳೇ ನೀರಾವರಿ ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದಾಗಿರಬಹುದು; ಯಂತ್ರದಲ್ಲಿ ಪುಡಿ ಮಾಡಬೇಡಿ.

ಕ್ಯಾಲಿಫೋರ್ನಿಯಾದ ಗೊಲೆಟಾದಲ್ಲಿ ಇಷ್ಟೂ ಸಾಲಲಿಲ್ಲ. ಅಲ್ಲಿನ ಓಷನ್ ಮೆಡೋಸ್ ಮೈದಾನವನ್ನು 1960ರ ದಶಕದಲ್ಲಿ ಅಳಿವೆ ಜೌಗಿಗೆ ಮಣ್ಣು ತುಂಬಿ ಕಟ್ಟಿದ್ದರು. 2013ರಲ್ಲಿ ಅದು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಗೆ ಬಂದ ಮೇಲೆ ತುಂಬಿದ ಮಣ್ಣನ್ನೇ ಅಗೆದು ತೆಗೆದರು. ಲಂಡನ್ನಿನ ಬೆಕೆನ್‌ಹ್ಯಾಮ್ ಪ್ಲೇಸ್ ಪಾರ್ಕಿನಲ್ಲಿ 2016ರಲ್ಲಿ ಗಾಲ್ಫ್ ನಿಲ್ಲಿಸಿ, ಹಳೇ ಕೊಳಕ್ಕೆ ಜೀವ ಕೊಟ್ಟು 2019ರಲ್ಲಿ ಈಜಿಗೆ ತೆರೆದರು.

4. ಹುಲ್ಲು. ಸುಮ್ಮನೆ ಬಿಟ್ಟರೆ ಕಾಡಾಗುತ್ತದೆ ಎಂಬುದು ಭ್ರಮೆ; ದಟ್ಟ ಹುಲ್ಲುಹಾಸು ಬೀಜವನ್ನು ಮಣ್ಣಿಗೆ ತಾಗಲೇ ಬಿಡುವುದಿಲ್ಲ. ಮೊದಲು ಅದನ್ನು ಸಾಯಿಸಿ, ಚಳಿ ಪ್ರದೇಶವಾದರೆ ಶರತ್ಕಾಲದ ಕೊನೆಗೆ ಸ್ಥಳೀಯ ಬೀಜ ಬಿತ್ತಿ. ಡಬ್ಬದಲ್ಲಿ ಸಿಗುವ ‘ಕಾಡುಹೂ ಮಿಶ್ರಣ’ ಬೇಡವೇ ಬೇಡ, ಅದರಲ್ಲಿ ಪರದೇಶದ ಕಳೆಯೂ ಬರಬಹುದು. ಬಂಕರ್‌ಗಳನ್ನು (ಮರಳು ಗುಂಡಿಗಳನ್ನು) ಮುಚ್ಚಬೇಡಿ, ನೆಲದಲ್ಲಿ ಗೂಡು ಕೊರೆಯುವ ಒಂಟಿ ಜೇನ್ನೊಣಗಳಿಗೆ ಆ ಮರಳು ಬೇಕು. ತರಕಾರಿ ಮಡಿಗಳು ಗ್ರೀನ್‌ನಿಂದ ದೂರದ ಫೇರ್‌ವೇಯಲ್ಲಿ, ಹೊರಗಿನಿಂದ ತಂದ ಮಣ್ಣು ತುಂಬಿದ ಎತ್ತರದ ಪೆಟ್ಟಿಗೆಗಳಲ್ಲೇ ಇರಲಿ.

5. ದಾರಿ. ಗಾಲ್ಫ್ ಗಾಡಿಯ ಡಾಂಬರು ದಾರಿಯನ್ನು ಕೀಳಬೇಡಿ, ನಡೆಯುವವರಿಗೆ ಅದೇ ಸಾಕು. ಗಾಡಿ ಹತ್ತಿದ ಏರನ್ನೆಲ್ಲ ಗಾಲಿಕುರ್ಚಿ ಹತ್ತಲಾರದು. 20 ಅಡಿಗೆ ಒಂದಡಿಗಿಂತ ಹೆಚ್ಚು ಏರಿದ್ದಲ್ಲಿ ದಾರಿಯನ್ನು ಸುತ್ತಿಸಿ.