ಕ್ಯಾರೆಟ್, ಬೀಟ್‌ರೂಟ್: ಪೌಷ್ಟಿಕತೆಯನ್ನು ಹೋಲಿಸುವುದು ಹೇಗೆ?

ರಕ್ತ ಕಡಿಮೆಯಿದೆ ಎಂದು ವೈದ್ಯರು ಹೇಳಿದೊಡನೆ ಬೀಟ್‌ರೂಟ್ ತರುವುದು, ಕಣ್ಣಿಗೆ ಒಳ್ಳೆಯದೆಂದು ಮಕ್ಕಳಿಗೆ ಕ್ಯಾರೆಟ್ ತಿನ್ನಿಸುವುದು ನಮ್ಮ ಮನೆಗಳ ರೂಢಿ. ಈ ಎರಡು ನಂಬಿಕೆಗಳಲ್ಲಿ ಹುರುಳೆಷ್ಟಿದೆ ಎಂಬುದನ್ನು ಒಂದು ತಕ್ಕಡಿ ಮತ್ತು ಒಂದು ಪೌಷ್ಟಿಕಾಂಶ ಕೋಷ್ಟಕದ ನೆರವಿನಿಂದ ಮನೆಯಲ್ಲೇ ಕಂಡುಕೊಳ್ಳಬಹುದು.

ಮೊದಲು ಕೋಷ್ಟಕವನ್ನು ಆರಿಸಿಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ವಿವರವಿದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕವೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ತರಕಾರಿಯ ಅಂಕಿಯನ್ನು ಒಂದರಿಂದಲೂ ಇನ್ನೊಂದರ ಅಂಕಿಯನ್ನು ಮತ್ತೊಂದರಿಂದಲೂ ತೆಗೆದುಕೊಂಡರೆ ಹೋಲಿಕೆ ಕೆಡುತ್ತದೆ, ಏಕೆಂದರೆ ತಳಿ, ಮಣ್ಣು, ಅಳೆಯುವ ವಿಧಾನ ಬೇರೆಯಾದಂತೆ ಅಂಕಿಗಳೂ ಬದಲಾಗುತ್ತವೆ. ಈ ಲೇಖನದಲ್ಲಿ ಎರಡಕ್ಕೂ ಅಮೆರಿಕದ ಕೋಷ್ಟಕವನ್ನೇ ಬಳಸಿದೆ.

ಎರಡನೆಯದಾಗಿ ತೂಕವನ್ನು ಸಮ ಮಾಡಿಕೊಳ್ಳಿ. ಕೋಷ್ಟಕದಲ್ಲಿರುವುದು ತಿನ್ನಲು ಯೋಗ್ಯವಾದ 100 ಗ್ರಾಂ ಭಾಗದ ಲೆಕ್ಕ. ಆದ್ದರಿಂದ ಕ್ಯಾರೆಟ್‌ನ ತೊಟ್ಟು ಕತ್ತರಿಸಿ, ಬೀಟ್‌ರೂಟ್‌ನ ದಪ್ಪ ಸಿಪ್ಪೆ ಮತ್ತು ಬಾಲದಂಥ ಬೇರನ್ನು ಹೆರೆದ ನಂತರವೇ ತೂಗಬೇಕು.

ಈಗ ಹಸಿ ತರಕಾರಿಗಳ ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಕ್ಯಾರೆಟ್‌ನಲ್ಲಿ 41 ಕ್ಯಾಲೊರಿ, ಬೀಟ್‌ರೂಟ್‌ನಲ್ಲಿ 43. ಎರಡರಲ್ಲೂ ನಾರಿನಂಶ 2.8 ಗ್ರಾಂ. ಇಲ್ಲಿಯವರೆಗೆ ಎರಡೂ ಅಣ್ಣತಮ್ಮಂದಿರಂತೆಯೇ ಇವೆ. ವ್ಯತ್ಯಾಸ ತೋರುವುದು ಕಣ್ಣಿಗೆ ಬೇಕಾದ ‘ಎ’ ಜೀವಸತ್ವದಲ್ಲಿ: ಕ್ಯಾರೆಟ್‌ನಲ್ಲಿ 835 ಮೈಕ್ರೊಗ್ರಾಂ, ಬೀಟ್‌ರೂಟ್‌ನಲ್ಲಿ ಕೇವಲ 2. ರಕ್ತಕಣಗಳ ತಯಾರಿಗೆ ಬೇಕಾದ ‘ಬಿ’ ಗುಂಪಿನ ಜೀವಸತ್ವವಾದ ಫೋಲೇಟ್‌ನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಕ್ಯಾರೆಟ್‌ನಲ್ಲಿ 19 ಮೈಕ್ರೊಗ್ರಾಂ, ಬೀಟ್‌ರೂಟ್‌ನಲ್ಲಿ 109.

ಬರಿಯ ಅಂಕಿಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅವುಗಳನ್ನು ದಿನದ ಅಗತ್ಯದ ಪಕ್ಕದಲ್ಲಿಟ್ಟು ನೋಡುವುದೇ ಅತಿ ಮುಖ್ಯವಾದ ಹಂತ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕ ಮಹಿಳೆಗೆ ದಿನಕ್ಕೆ 840 ಮೈಕ್ರೊಗ್ರಾಂ ‘ಎ’ ಜೀವಸತ್ವ, 220 ಮೈಕ್ರೊಗ್ರಾಂ ಫೋಲೇಟ್ ಮತ್ತು 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಹಾಗಾದರೆ ಕ್ಯಾರೆಟ್‌ನ ಬಗೆಗಿನ ನಂಬಿಕೆ ಸರಿಯೇ ಆಯಿತು. ಬೀಟ್‌ರೂಟ್ ಫೋಲೇಟ್‌ನ ಅರ್ಧದಷ್ಟನ್ನು ಒದಗಿಸುತ್ತದೆ, ಅದು ದೊಡ್ಡ ಮಾತೇ ಸರಿ. ಆದರೆ ಅದರ ಕಬ್ಬಿಣಾಂಶ 0.8 ಮಿಲಿಗ್ರಾಂ ಮಾತ್ರ, ಎಂದರೆ ಅಗತ್ಯದ ನೂರಕ್ಕೆ ಮೂರು ಪಾಲೂ ಇಲ್ಲ. ಹೆಚ್ಚುವಾಗ ಅಂಗೈಗೆ ಅಂಟಿಕೊಳ್ಳುವ ಆ ಕಡುಗೆಂಪು ಬೀಟಾಲೇನ್ ಎಂಬ ವರ್ಣದ್ರವ್ಯದ್ದು. ಅದಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ರಕ್ತಹೀನತೆ ಇರುವವರು ಬೀಟ್‌ರೂಟ್ ರಸವನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ.

ಕೊನೆಗೆ ಅಡುಗೆಯ ಲೆಕ್ಕ. ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಕ್ಯಾರೆಟ್‌ನ ಕ್ಯಾರೊಟಿನ್ ಜಿಡ್ಡಿನಲ್ಲಿ ಕರಗುವುದರಿಂದ, ಹಸಿಯಾಗಿ ಕಡಿದು ತಿನ್ನುವುದಕ್ಕಿಂತ ಎಣ್ಣೆಯ ಒಗ್ಗರಣೆ ಹಾಕಿ ಬೇಯಿಸಿದ ಪಲ್ಯದಿಂದ ಅದು ದೇಹಕ್ಕೆ ಹೆಚ್ಚು ದಕ್ಕುತ್ತದೆ. ಫೋಲೇಟ್ ನೀರಿನಲ್ಲಿ ಕರಗುವಂಥದ್ದು. ಬೇಯಿಸಿದ ಬೀಟ್‌ರೂಟ್‌ನಲ್ಲಿ ಅದು 80 ಮೈಕ್ರೊಗ್ರಾಂಗೆ ಇಳಿಯುತ್ತದೆ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ. ಸಾಧ್ಯವಾದರೆ ಬೀಟ್‌ರೂಟನ್ನು ಎಲೆ ಸಮೇತ ಕೊಳ್ಳಿ: ತರಕಾರಿಯವರು ಕಿತ್ತೆಸೆಯುವ ಆ ಸೊಪ್ಪಿನ 100 ಗ್ರಾಂನಲ್ಲಿ ಗಡ್ಡೆಯ ಮೂರರಷ್ಟು, ಸುಮಾರು 2.6 ಮಿಲಿಗ್ರಾಂ ಕಬ್ಬಿಣಾಂಶವಿದೆ. ಸೊಪ್ಪಿನ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದರೆ ಆ ಕಬ್ಬಿಣಾಂಶ ದೇಹಕ್ಕೆ ಇನ್ನಷ್ಟು ಸುಲಭವಾಗಿ ಸೇರುತ್ತದೆ.